ಹಳೆಯ ವಾಹನಕ್ಕೆ ಹೊಸ ಬ್ರೇಕು

ಹುಣಸೂರಿನಿಂದ ಹನಗೋಡಿಗೂ, ಅಲ್ಲಿಂದ ಮುಂದೆ ನಾಗರಹೊಳೆಯ ಅರಣ್ಯದ ಅಂಚಿಗೂ, ಇತ್ತ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಗ್ರಾಮಗಳಿಗೂ ಹಬ್ಬಿರುವ ರಸ್ತೆಗಳಲ್ಲಿ ಪ್ರಯಾಣ ಮಾಡುವವರು, ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನ ಕೆಳಗೆ ನಿಂತಿರುವ ಅಂಬಾಸಿಡರ್ ಕಾರನ್ನೋ, ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಸೌದೆ ಇಳಿಸುತ್ತಿರುವ ಮಹೀಂದ್ರ ಜೀಪನ್ನೋ ಇಂದಿಗೂ ಕಾಣಬಹುದು. ಇವುಗಳ ಒಡೆಯರಲ್ಲಿ ಬಹುಮಂದಿ ಶೋಕಿಗಾಗಿ ಹಳೆಯ ಗಾಡಿಯನ್ನು ಇಟ್ಟುಕೊಂಡವರಲ್ಲ. ತಂದೆಯೋ ದೊಡ್ಡಪ್ಪನೋ ಬೆಳೆಗೆ ಒಳ್ಳೆಯ ಬೆಲೆ ಬಂದ ವರ್ಷ ಕೊಂಡುತಂದ ವಾಹನವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ, ಮದುವೆಗೂ ಜಾತ್ರೆಗೂ ಹೊಲದ ಕೆಲಸಕ್ಕೂ ಅದನ್ನೇ ನಂಬಿಕೊಂಡು ಬಂದವರು. ಅಂತಹ ಮನೆಗಳಲ್ಲಿ ಈಚೆಗೆ ಮತ್ತೆ ಮತ್ತೆ ಏಳುತ್ತಿರುವ ಪ್ರಶ್ನೆಯೊಂದುಂಟು: ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕನ್ನು ಹೊತ್ತು ಕಾರ್ಖಾನೆಯಿಂದ ಹೊರಬಂದ ಈ ವಾಹನಕ್ಕೆ, ಈಗಿನ ಕಾರುಗಳಲ್ಲಿರುವಂತಹ ಡಿಸ್ಕ್ ಬ್ರೇಕನ್ನು ಹಾಕಿಸಬಹುದೇ, ಹಾಕಿಸಿದರೆ ಕ್ಷೇಮವೇ?

ಪ್ರಶ್ನೆ ಸಾಧುವಾದದ್ದು. ಈ ವಾಹನಗಳು ನಿರ್ಮಾಣವಾದ ಕಾಲದಲ್ಲಿ ನಮ್ಮ ರಸ್ತೆಗಳ ವೇಗವೂ ವಾಹನಗಳ ಸಂಖ್ಯೆಯೂ ಬೇರೆಯಾಗಿದ್ದವು. ಇಂದು ಮೈಸೂರಿನಿಂದ ಹುಣಸೂರಿನ ಮೂಲಕ ಕುಶಾಲನಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಅಂಬಾಸಿಡರಿನ ಮುಂದೆ ಓಡುತ್ತಿರುವ ಹೊಸ ಕಾರು ಹಠಾತ್ತನೆ ನಿಂತುಬಿಡಬಲ್ಲುದು, ಆದರೆ ಹಿಂದಿನ ಅಂಬಾಸಿಡರ್ ಅಷ್ಟೇ ದೂರದಲ್ಲಿ ನಿಲ್ಲಲಾರದು. ಅಪಾಯವಿರುವುದು ಈ ವ್ಯತ್ಯಾಸದಲ್ಲಿಯೇ. ನಾಗರಹೊಳೆಯ ಕಡೆಯ ದಾರಿಯಲ್ಲಾದರೋ ಜಿಂಕೆಯ ಹಿಂಡು, ಕಾಡುಹಂದಿ, ಒಮ್ಮೊಮ್ಮೆ ಆನೆಯೇ ತಿರುವಿನಾಚೆ ನಿಂತಿರುವುದುಂಟು.

ಗಾಲಿಯನ್ನು ತಡೆಯುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಹುಣಸೂರು ಅಮೃತಮಹಲ್ ರಾಸುಗಳ ಇಲಾಖೆಯ ಕೇಂದ್ರವಾಗಿದ್ದು, ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನುಗಳನ್ನೂ ಬಂಡಿಗಳನ್ನೂ ಸಿದ್ಧಪಡಿಸುವ ಊರಾಗಿತ್ತು. ಇಳಿಜಾರಿನಲ್ಲಿ ಬಂಡಿಯ ಗಾಲಿಯ ಕಬ್ಬಿಣದ ಪಟ್ಟಿಗೆ ಮರದ ತುಂಡನ್ನು ಒತ್ತಿಹಿಡಿದು ಎತ್ತುಗಳ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು ಲೋಕದ ಹಲವು ದೇಶಗಳ ಬಂಡಿಕಾರರಿಗೆ ತಿಳಿದಿದ್ದ ಉಪಾಯ. ಇಂಗ್ಲೆಂಡಿನ ಡಾರ್ಬಿಷೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನು ಬಂಡಿಕಾರರು ಹಳೆಯ ಬೂಟನ್ನು ಮರದ ತುಂಡಿಗೆ ಕಟ್ಟಿ ಗಾಲಿಗೆ ಒತ್ತುತ್ತಿದ್ದುದನ್ನು ಕಂಡು, ಅದಕ್ಕಿಂತ ಉತ್ತಮವಾದ ಘರ್ಷಣವಸ್ತುವನ್ನು ಹುಡುಕಲು ತೊಡಗಿದನೆಂದು ಹೇಳುತ್ತಾರೆ. 1897ರಲ್ಲಿ ಅವನು ಆರಂಭಿಸಿದ ಉದ್ಯಮವೇ ಮುಂದೆ ಫೆರೋಡೋ ಎಂಬ ಹೆಸರಿನಿಂದ ಜಗತ್ತಿನ ಬ್ರೇಕ್ ಲೈನಿಂಗುಗಳಿಗೆ ಪರ್ಯಾಯಪದವೆಂಬಷ್ಟು ಬೆಳೆಯಿತು. ಮರದ ತುಂಡು ಹೊರಗಿನಿಂದ ಗಾಲಿಯನ್ನು ಒತ್ತುತ್ತಿತ್ತು. ಅದನ್ನು ಒಂದು ಉಕ್ಕಿನ ಬೋಗುಣಿಯ ಒಳಗೆ ಅಡಗಿಸಿ, ಮಳೆ ಕೆಸರುಗಳಿಂದ ಮರೆಮಾಡಿ, ಒಳಗಿನಿಂದ ಹೊರಕ್ಕೆ ಒತ್ತುವಂತೆ ಮಾಡಿದುದೇ ಡ್ರಮ್ ಬ್ರೇಕು. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಇದಕ್ಕೆ ರೂಪ ಕೊಟ್ಟನು.

ಹುಣಸೂರಿನ ಯಾವುದಾದರೂ ಹಳೆಯ ಗ್ಯಾರೇಜಿನಲ್ಲಿ ಗಾಲಿಯನ್ನು ಬಿಚ್ಚಿ ಡ್ರಮ್ಮನ್ನು ಎಳೆದು ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿದರೆ ಇದರ ಮರ್ಮವೆಲ್ಲ ಸ್ಪಷ್ಟವಾಗುತ್ತದೆ. ಮೊದಲು ಕಾಣುವುದು ಕಪ್ಪು ಧೂಳು. ಅದರ ಹಿಂದೆ ಅರ್ಧಚಂದ್ರಾಕಾರದ ಎರಡು ಶೂಗಳು, ಅವುಗಳ ಬೆನ್ನಿಗೆ ರಿವೆಟ್ ಹೊಡೆದು ಕೂರಿಸಿದ ಲೈನಿಂಗು, ಶೂಗಳನ್ನು ಒಳಕ್ಕೆ ಸೆಳೆಯುವ ಸ್ಪ್ರಿಂಗುಗಳು, ಮೇಲ್ಗಡೆ ಹೆಬ್ಬೆರಳಿನಷ್ಟು ದಪ್ಪದ ವೀಲ್ ಸಿಲಿಂಡರು. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಬ್ರೇಕ್ ಆಯಿಲು ಈ ಸಿಲಿಂಡರಿನ ಪಿಸ್ಟನ್ನುಗಳನ್ನು ಹೊರಕ್ಕೆ ನೂಕುತ್ತದೆ, ಪಿಸ್ಟನ್ನು ಶೂವನ್ನೂ, ಶೂ ತಿರುಗುತ್ತಿರುವ ಡ್ರಮ್ಮನ್ನೂ ಒತ್ತುತ್ತವೆ. ಇದರಲ್ಲಿ ಒಂದು ಸೊಗಸುಂಟು: ಡ್ರಮ್ಮು ತಿರುಗುವ ದಿಕ್ಕಿಗೆ ಮುಖಮಾಡಿರುವ ಶೂವನ್ನು ಡ್ರಮ್ಮೇ ತನ್ನೊಡನೆ ಎಳೆದುಕೊಂಡು ಇನ್ನಷ್ಟು ಬಲವಾಗಿ ಅಪ್ಪುವಂತೆ ಮಾಡುತ್ತದೆ; ಆದುದರಿಂದ ಕಾಲಿನ ಒತ್ತಡ ಸ್ವಲ್ಪವೇ ಆದರೂ ಫಲ ದೊಡ್ಡದು. ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರಿನ ನೆರವಿಲ್ಲದೆ ಅಷ್ಟು ಭಾರವಾದ ಅಂಬಾಸಿಡರನ್ನು ನಮ್ಮ ಹಿರಿಯರು ಚಪ್ಪಲಿಗಾಲಿನಿಂದ ನಿಲ್ಲಿಸುತ್ತಿದ್ದುದು ಈ ಗುಣದ ಬಲದಿಂದಲೇ.

ಹೀಗಿರಲು ಡ್ರಮ್ಮಿನ ದೋಷವೇನೆಂದು ಕೇಳಿದರೆ, ಒಂದೇ ಮಾತಿನ ಉತ್ತರ ಶಾಖ ಎಂಬುದು. ಬ್ರೇಕು ವೇಗವನ್ನು ನಾಶಮಾಡುವುದಿಲ್ಲ, ಶಾಖವಾಗಿ ಪರಿವರ್ತಿಸುತ್ತದೆ. ಐದು ಮಂದಿಯೂ ಅವರ ಗಂಟುಮೂಟೆಯೂ ಸೇರಿ 1,500 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 3,70,000 ಜೂಲ್. ಅದನ್ನು ಒಮ್ಮೆ ಪೂರ್ತಿಯಾಗಿ ನಿಲ್ಲಿಸಿದರೆ ಹುಟ್ಟುವ ಶಾಖದಿಂದ ಒಂದು ಲೀಟರಿಗೂ ಮಿಗಿಲಾದ ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. ವೇಗ ಅರ್ಧವಾದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ, ವೇಗ ಇಮ್ಮಡಿಯಾದರೆ ನಾಲ್ಕು ಮಡಿಯಾಗುತ್ತದೆ. ನಮ್ಮ ಸೀಮೆಯ ಕುಟುಂಬಗಳು ಸುಬ್ರಹ್ಮಣ್ಯಕ್ಕೋ ಧರ್ಮಸ್ಥಳಕ್ಕೋ ಹೊರಟಾಗ ಮಡಿಕೇರಿಯಿಂದ ಸಂಪಾಜೆ ಘಾಟಿಯನ್ನು ಇಳಿಯಬೇಕಷ್ಟೆ. ಅಲ್ಲಿ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಇಳಿತವಿದೆ. ಅಷ್ಟು ಎತ್ತರದಿಂದ ಅದೇ ಕಾರು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಒಂದೂವರೆ ಕೋಟಿ ಜೂಲಿನ ಸಮೀಪ. ಎಂದರೆ ಸುಮಾರು 45 ಲೀಟರ್ ನೀರನ್ನು ಕುದಿಸುವಷ್ಟು. ಚಾಲಕನು ಎರಡನೆಯ ಗೇರಿನಲ್ಲಿಟ್ಟು ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ನೂ ಗಾಳಿಯೂ ಹೊರುತ್ತವೆ; ಮೇಲಿನ ಗೇರಿನಲ್ಲಿಯೋ ನ್ಯೂಟ್ರಲಿನಲ್ಲಿಯೋ ಇಳಿಯುವ ಅವಿವೇಕ ಮಾಡಿದರೆ ಬ್ರೇಕೇ ಹೊರಬೇಕು.

ಮುಚ್ಚಿದ ಬೋಗುಣಿಯೊಳಗೆ ಹುಟ್ಟಿದ ಈ ಶಾಖ ಬೇಗನೆ ಹೊರಹೋಗಲಾರದು. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಶೂ ಅದನ್ನು ಮುಟ್ಟಲು ಇನ್ನೂ ದೂರ ಚಲಿಸಬೇಕಾಗುತ್ತದೆ. ಪೆಡಲು ಕಾಲಿನಡಿಯಲ್ಲಿ ಕೆಳಕೆಳಕ್ಕೆ ಇಳಿಯುತ್ತದೆ. ಅತಿಯಾಗಿ ಕಾದ ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಸಂಪಾಜೆಯ ಕಡೆಗೆ ಘಾಟಿ ಇಳಿದವರು ಸುಟ್ಟ ವಾಸನೆಯೊಡನೆ ಬ್ರೇಕು ಕೈಕೊಡುತ್ತಿರುವ ಆ ಅನುಭವವನ್ನು ಮರೆಯಲಾರರು. ನೀರಿನ ದೋಷ ಬೇರೆ. ಹನಗೋಡಿನ ಅಣೆಕಟ್ಟಿನ ಕಾಲುವೆಗಳ ಪಕ್ಕದ ಗದ್ದೆದಾರಿಯಲ್ಲಿ, ಲಕ್ಷ್ಮಣತೀರ್ಥಕ್ಕೆ ಸೇರುವ ಹಳ್ಳಗಳಲ್ಲಿ ಜೀಪು ಇಳಿದು ಎದ್ದಾಗ ಡ್ರಮ್ಮಿನೊಳಕ್ಕೆ ನುಗ್ಗಿದ ಕೆಸರುನೀರು ಅಲ್ಲಿಯೇ ನಿಲ್ಲುತ್ತದೆ. ದಡ ಹತ್ತಿದ ಮೇಲೆ ಮೊದಲ ಸಲ ಬ್ರೇಕು ತುಳಿದರೆ ಏನೂ ಹಿಡಿಯುವುದಿಲ್ಲ. ಅನುಭವಸ್ಥ ಚಾಲಕರು ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಓಡಿಸಿ ಶೂಗಳನ್ನು ಒಣಗಿಸುವ ರೂಢಿ ಇದರಿಂದಲೇ ಬಂದುದು.

ಡಿಸ್ಕ್ ಬ್ರೇಕಿನ ಕಲ್ಪನೆಯೂ ಡ್ರಮ್ಮಿನಷ್ಟೇ ಹಳೆಯದೆಂದರೆ ಹಲವರಿಗೆ ಆಶ್ಚರ್ಯವಾದೀತು. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದನು. ಆದರೆ ತಾಮ್ರದ ಒತ್ತುಪಟ್ಟಿಗಳು ಕರ್ಕಶವಾಗಿ ಕಿರುಚುತ್ತಿದ್ದುದಲ್ಲದೆ ಬೇಗ ಸವೆಯುತ್ತಿದ್ದುದರಿಂದ ಆ ಕಲ್ಪನೆ ಅರ್ಧ ಶತಮಾನ ಬದಿಗೆ ಸರಿದಿತ್ತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಊರಿನ 24 ಗಂಟೆಗಳ ಓಟದಲ್ಲಿ ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕುಗಳನ್ನು ತೊಟ್ಟ ಜಾಗ್ವಾರ್ ಕಾರು, ಉದ್ದನೆಯ ನೇರದಾರಿಯ ಕೊನೆಯಲ್ಲಿ ಪ್ರತಿಸ್ಪರ್ಧಿಗಳಿಗಿಂತ ಬಹಳ ತಡವಾಗಿ ಬ್ರೇಕು ಹಿಡಿಯುತ್ತ, ಆ ಓಟದ ಇತಿಹಾಸದಲ್ಲಿ ಮೊದಲ ಬಾರಿಗೆ ಗಂಟೆಗೆ ನೂರು ಮೈಲಿಗೂ ಮೀರಿದ ಸರಾಸರಿಯಿಂದ ಗೆದ್ದಿತು. ಎರಡು ವರ್ಷಗಳ ತರುವಾಯ ಸಿಟ್ರನ್ ಕಂಪನಿಯ ಡಿಎಸ್ ಕಾರು ಮುಂದಿನ ಗಾಲಿಗಳಿಗೆ ಡಿಸ್ಕನ್ನು ಹೊತ್ತು ಸಾಮಾನ್ಯರ ಮಾರುಕಟ್ಟೆಗೆ ಬಂದಿತು. ಇದೇ ಕಾಲದಲ್ಲಿ ರೂಪುಗೊಂಡ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸಿನವರು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಅಂಬಾಸಿಡರ್, 2014ರವರೆಗೆ ಕಾರ್ಖಾನೆಯಿಂದ ಹೊರಬರುತ್ತಿದ್ದರೂ, ಡಿಸ್ಕನ್ನು ಕಂಡುದು ತನ್ನ ಕಡೆಯ ಕಾಲದ ಮಾದರಿಗಳಲ್ಲಿ ಮಾತ್ರ.

ಡಿಸ್ಕ್ ಬ್ರೇಕಿನ ರಚನೆ ಸರಳ. ಗಾಲಿಯೊಡನೆ ತಿರುಗುವ ಬೀಡುಕಬ್ಬಿಣದ ತಟ್ಟೆ, ಅದನ್ನು ಎರಡು ಕಡೆಯಿಂದಲೂ ಹಿಚುಕುವ ಪ್ಯಾಡುಗಳು, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರು. ಎಲ್ಲವೂ ಗಾಳಿಗೆ ತೆರೆದಿರುವುದರಿಂದ ಶಾಖ ಬೇಗ ಹೋಗುತ್ತದೆ. ತಟ್ಟೆ ಕಾದು ಹಿಗ್ಗಿದರೆ ಪ್ಯಾಡಿನಿಂದ ದೂರವಾಗದೆ ಅದರ ಕಡೆಗೇ ಸರಿಯುತ್ತದೆ. ನೀರು ತಿರುಗುವ ತಟ್ಟೆಯಿಂದ ಸಿಡಿದುಹೋಗುತ್ತದೆ. ಆದರೆ ಡ್ರಮ್ಮಿನಲ್ಲಿದ್ದ, ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣ ಇದಕ್ಕಿಲ್ಲ. ಕಾಲು ಒತ್ತಿದಷ್ಟೇ ಹಿಡಿತ. ಆದುದರಿಂದ ಡಿಸ್ಕಿಗೆ ಬಹಳ ಹೆಚ್ಚಿನ ಒತ್ತಡ ಬೇಕು. ಬದಲಾವಣೆಗೆ ಹೊರಟವರು ಮೊತ್ತಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಏಕೆಂದರೆ ಮುಂದಿನ ಎಲ್ಲ ತೊಡಕುಗಳೂ ಇದರಿಂದಲೇ ಹುಟ್ಟುತ್ತವೆ.

ಬ್ರೇಕೆಂಬುದು ಗಾಲಿಯ ಬಳಿಯಿರುವ ಒಂದು ಬಿಡಿಭಾಗವಲ್ಲ, ಕಾಲಿನಿಂದ ರಸ್ತೆಯವರೆಗಿನ ಒಂದು ಸಮಗ್ರ ವ್ಯವಸ್ಥೆ ಎಂಬುದೇ ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಗುಜರಿ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಕಾರಿನ ಡಿಸ್ಕನ್ನೂ ಕ್ಯಾಲಿಪರನ್ನೂ ತಂದು, ಲೇತಿನಲ್ಲಿ ಒಂದು ಬ್ರಾಕೆಟ್ಟು ಮಾಡಿಸಿ ಮುಂದಿನ ಗಾಲಿಗೆ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವವರು ಹಳೆಯ ಬ್ರೇಕಿಗಿಂತ ಕೆಟ್ಟದ್ದನ್ನು ಹಣ ಕೊಟ್ಟು ಕೊಂಡಂತಾಗುವುದು. ಕ್ಯಾಲಿಪರಿನ ಪಿಸ್ಟನ್ನು ವೀಲ್ ಸಿಲಿಂಡರಿನ ಪಿಸ್ಟನ್ನಿಗಿಂತ ಬಹಳ ದೊಡ್ಡದಾದುದರಿಂದ ಅದನ್ನು ನೂಕಲು ಹೆಚ್ಚು ಆಯಿಲು ಬೇಕು. ಹಳೆಯ ಮಾಸ್ಟರ್ ಸಿಲಿಂಡರು ಅಷ್ಟನ್ನು ಕೊಡಲಾರದೆ ಪೆಡಲು ನೆಲ ಮುಟ್ಟಬಹುದು. ದೊಡ್ಡ ಮಾಸ್ಟರ್ ಸಿಲಿಂಡರನ್ನು ಹಾಕಿದರೆ ಆಯಿಲು ಸಾಕಾಗುತ್ತದೆ, ಆದರೆ ಪೆಡಲು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಆಗ ಬೂಸ್ಟರ್ ಅನಿವಾರ್ಯ. ಬೂಸ್ಟರು ಕೆಲಸ ಮಾಡುವುದು ನಿರ್ವಾತದಿಂದ. ಪೆಟ್ರೋಲ್ ಎಂಜಿನ್ನಿನ ಗಾಳಿಯ ಕೊಳವೆಯಲ್ಲಿ ನಿರ್ವಾತ ತಾನಾಗಿಯೇ ದೊರೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗೆ ದೊರೆಯದಾದುದರಿಂದ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ನಮ್ಮ ಕಡೆಯ ಜೀಪುಗಳೂ ಅಂಬಾಸಿಡರುಗಳೂ ಬಹುಪಾಲು ಡೀಸೆಲಿನವೇ ಆದುದರಿಂದ ಈ ಪಂಪಿನ ಮಾತನ್ನು ಕೆಲಸಕ್ಕೆ ಕೈಹಾಕುವ ಮುನ್ನವೇ ಇತ್ಯರ್ಥಮಾಡಿಕೊಳ್ಳತಕ್ಕದ್ದು.

ಇನ್ನೊಂದು ಸೂಕ್ಷ್ಮ ಹೊರನೋಟಕ್ಕೆ ಕಾಣುವುದೇ ಇಲ್ಲ. ಡ್ರಮ್ ಬ್ರೇಕಿನ ಹಳೆಯ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ಒಂದು ಚಿಕ್ಕ ವಾಲ್ವು ಇರುತ್ತದೆ. ಪೆಡಲನ್ನು ಬಿಟ್ಟ ಮೇಲೆಯೂ ಪೈಪಿನಲ್ಲಿ ಅಲ್ಪ ಒತ್ತಡವನ್ನು ಉಳಿಸಿ, ವೀಲ್ ಸಿಲಿಂಡರಿನ ರಬ್ಬರುಗಳು ಸಡಿಲಾಗಿ ಗಾಳಿ ಒಳಸೇರದಂತೆ ಅದು ಕಾಯುತ್ತದೆ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಬಲವಾದ ಸ್ಪ್ರಿಂಗುಗಳಿರುವುದರಿಂದ ಈ ಒತ್ತಡದಿಂದ ಬಾಧೆಯಿಲ್ಲ. ಡಿಸ್ಕಿನಲ್ಲಿ ಅಂತಹ ಸ್ಪ್ರಿಂಗಿಲ್ಲ. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಉಂಗುರದ ಎಳೆತದಿಂದ ಮಾತ್ರ ಅದು ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಆ ವಾಲ್ವನ್ನು ತೆಗೆಯದೆ ಡಿಸ್ಕನ್ನು ಜೋಡಿಸಿದರೆ ಪ್ಯಾಡುಗಳು ಸದಾ ತಟ್ಟೆಯನ್ನು ಸವರುತ್ತಿದ್ದು, ಹುಣಸೂರು ದಾಟುವುದರೊಳಗೆ ಮುಂದಿನ ಗಾಲಿಗಳು ಕೈಮುಟ್ಟಲಾಗದಷ್ಟು ಬಿಸಿಯಾಗುತ್ತವೆ. ಹಿಂದಿನ ಗಾಲಿಗಳ ಡ್ರಮ್ಮಿಗಾದರೋ ಆ ಒತ್ತಡ ಬೇಕೇಬೇಕು. ಆದಕಾರಣ ಮುಂದೆ ಡಿಸ್ಕು ಹಿಂದೆ ಡ್ರಮ್ಮು ಎಂದೇ ವಿನ್ಯಾಸಗೊಂಡ ಮಾಸ್ಟರ್ ಸಿಲಿಂಡರನ್ನು ತರುವುದು ಕ್ಷೇಮ.

ಹಿಂದಿನ ಗಾಲಿಗಳಿಗೂ ಡಿಸ್ಕ್ ಹಾಕಿಸಬೇಕೆಂದು ಕೆಲವರು ಹಟ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ವ್ಯರ್ಥ. ಬ್ರೇಕು ಹಿಡಿದೊಡನೆ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಮೂರರಲ್ಲಿ ಸುಮಾರು ಎರಡು ಪಾಲು ಮುಂದಿನ ಗಾಲಿಗಳದ್ದೇ. ಹಗುರವಾದ ಹಿಂಭಾಗದ ಬ್ರೇಕು ಅತಿಯಾಗಿ ಹಿಡಿದರೆ ಹಿಂದಿನ ಗಾಲಿಗಳು ಮೊದಲು ಸ್ತಂಭಿಸಿ, ಮಳೆಯ ರಸ್ತೆಯಲ್ಲಿ ಕಾರು ಗಿರ್ರನೆ ತಿರುಗಿಬಿಡುತ್ತದೆ. ಮುಂದಿನ ಡಿಸ್ಕಿಗೆ ತಕ್ಕಂತೆ ಹಿಂದಿನ ಒತ್ತಡವನ್ನು ತಗ್ಗಿಸುವ ವಾಲ್ವನ್ನು ಜೋಡಿಸಬೇಕಾಗುವುದೂ ಇದಕ್ಕಾಗಿಯೇ. ಅಲ್ಲದೆ ಅಂಬಾಸಿಡರಿನ ಹ್ಯಾಂಡ್‌ಬ್ರೇಕು ಹಿಂದಿನ ಡ್ರಮ್ಮನ್ನೇ ಅವಲಂಬಿಸಿದೆ.

ಭಾಗಗಳನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ನನ್ನ ಸಲಹೆ ಸರಳವಾದದ್ದು: ಆದಷ್ಟು ಮಟ್ಟಿಗೆ ಒಂದೇ ವಂಶದ ಒಂದೇ ವಾಹನದಿಂದ ಪೂರ್ತಿ ಜೋಡಿ. ಹಳೆಯ ಅಂಬಾಸಿಡರಿಗೆ ಇಸುಜು ಎಂಜಿನ್ನಿನ ಕಡೆಯ ಮಾದರಿಯ ಅಂಬಾಸಿಡರಿನ ಹಬ್ಬು, ಡಿಸ್ಕು, ಕ್ಯಾಲಿಪರು, ಬೂಸ್ಟರು, ಮಾಸ್ಟರ್ ಸಿಲಿಂಡರುಗಳೆಲ್ಲವೂ ಒಟ್ಟಾಗಿ ದೊರೆತರೆ ಅದಕ್ಕಿಂತ ಉತ್ತಮವಾದುದಿಲ್ಲ. ಹಳೆಯ ಮಹೀಂದ್ರ ಜೀಪಿಗೆ ಅದೇ ಕಂಪನಿಯ ಈಚಿನ ವಾಹನಗಳ ಭಾಗಗಳನ್ನು ಹೊಂದಿಸುವ ರೂಢಿಯಿದೆ. ಹೊರಗಿನ ಭಾಗಕ್ಕೆ ಬ್ರಾಕೆಟ್ಟು ಮಾಡಿಸಲೇಬೇಕಾಗಿ ಬಂದರೆ, ಅದನ್ನು ಸ್ಟಬ್ ಆಕ್ಸಲಿಗೆ ವೆಲ್ಡಿಂಗ್ ಮಾಡಗೊಡಬಾರದು. ಶಾಖ ತಗುಲಿದ ಕಡೆ ಉಕ್ಕಿನ ಗುಣ ಕೆಟ್ಟು ಒಂದು ದಿನ ಮುರಿದೀತು. ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚೊತ್ತಿರುವ ಬೋಲ್ಟುಗಳನ್ನಲ್ಲದೆ ಸಾಧಾರಣ ಬೋಲ್ಟುಗಳನ್ನು ಕ್ಯಾಲಿಪರಿನ ಬಳಿ ಸೇರಿಸಕೂಡದು. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಜ್ಯಾಕಿನ ಮೇಲೆ ಗಾಲಿಯನ್ನು ತೂಗಬಿಟ್ಟು, ರಬ್ಬರ್ ಹೋಸು ಎಲ್ಲಿಯೂ ಬಿಗಿಯುವುದಿಲ್ಲ, ಟಯರಿಗೆ ತಾಗುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕು.

ಎಲ್ಲವೂ ಸರಿಯಾಗಿದ್ದು ಪೆಡಲು ಮಾತ್ರ ಸ್ಪಂಜಿನಂತೆ ಮೆತ್ತಗಿದ್ದರೆ, ಬೇರೆ ಕಾರಣಗಳನ್ನು ಹುಡುಕುವ ಮುನ್ನ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲು ಮೇಲ್ಮುಖವಾಗಿದೆಯೇ ಎಂದು ನೋಡಿರಿ. ಎಡಗಡೆಯ ಕ್ಯಾಲಿಪರನ್ನು ಬಲಗಡೆಗೆ ಕಟ್ಟಿದರೆ ನಿಪ್ಪಲು ಕೆಳಗಾಗುತ್ತದೆ. ಗಾಳಿಯ ಗುಳ್ಳೆ ಮೇಲೆಯೇ ಉಳಿದು, ಎಷ್ಟು ಸಲ ಪಂಪು ಹೊಡೆದು ಏರ್ ತೆಗೆದರೂ ಹೊರಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಡಿಸ್ಕಿಗಿಂತಲೂ ಮುಖ್ಯವೆಂದು ನಾನು ಭಾವಿಸುವ ಒಂದು ಸುಧಾರಣೆಯನ್ನು ಹೇಳಬೇಕು. ಹಳೆಯ ವಾಹನಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಆಯಿಲಿನ ಮಾರ್ಗ ಒಂದೇ. ನಾಲ್ಕು ಗಾಲಿಗಳಲ್ಲಿ ಯಾವುದಾದರೊಂದರ ಪೈಪು ಒಡೆದರೂ, ಒಂದು ಹೋಸು ಹರಿದರೂ, ನಾಲ್ಕೂ ಗಾಲಿಗಳ ಬ್ರೇಕು ಒಮ್ಮೆಗೇ ಇಲ್ಲವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬ್ರೇಕ್ ಫೇಲ್ ಆಯಿತೆಂದು ಹೇಳುವ ಎಷ್ಟೋ ಪ್ರಸಂಗಗಳ ಹಿಂದೆ ಇರುವುದು ಇದು. ಮುಂದಕ್ಕೊಂದು ಹಿಂದಕ್ಕೊಂದು ಎಂದು ಎರಡು ಪ್ರತ್ಯೇಕ ಮಾರ್ಗಗಳಿರುವ ಟ್ಯಾಂಡಮ್ ಮಾಸ್ಟರ್ ಸಿಲಿಂಡರನ್ನು ಅಳವಡಿಸಿದರೆ, ಒಂದು ಮಾರ್ಗ ಕೆಟ್ಟರೂ ಇನ್ನೊಂದು ಕಾಪಾಡುತ್ತದೆ. ಅಮೆರಿಕದಲ್ಲಿ 1968ರಿಂದಲೇ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಡಿಸ್ಕಿಗೆ ಹಣ ಸಾಲದವರು ಇದೊಂದನ್ನಾದರೂ ಮಾಡಿಸಿ, ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ದುಂಡಗೆ ಮಾಡಿಸಿ, ಒಳ್ಳೆಯ ಲೈನಿಂಗು ಹಾಕಿಸಿ, ಸೋರುವ ವೀಲ್ ಸಿಲಿಂಡರುಗಳನ್ನು ಬದಲಾಯಿಸಿ, ಶೂಗಳನ್ನು ಸರಿಯಾಗಿ ಅಡ್ಜಸ್ಟ್ ಮಾಡಿಸಿದರೆ, ತಮ್ಮ ಹಳೆಯ ಬ್ರೇಕು ಎಷ್ಟು ಚೆನ್ನಾಗಿತ್ತೆಂಬುದನ್ನು ಕಂಡು ಹಿಗ್ಗುವರು. ಡ್ರಮ್ಮಿನ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಡ್ರಮ್ಮಿನದಲ್ಲ, ಅಲಕ್ಷ್ಯದ್ದು.

ಎಲ್ಲ ಹಳೆಯ ವಾಹನಗಳಿಗೂ ಈ ಬದಲಾವಣೆ ಸಲ್ಲದು. ಶ್ರೀರಂಗಪಟ್ಟಣದ ಸಮೀಪ ಹೆದ್ದಾರಿಯ ಬದಿಯಲ್ಲಿರುವ ಪಯಣ ವಸ್ತುಸಂಗ್ರಹಾಲಯದಲ್ಲಿ ನಿಂತಿರುವಂತಹ ಕಾರುಗಳು ತಮ್ಮ ಕಾಲದ ಸಾಕ್ಷಿಗಳು. ಅವುಗಳ ಬ್ರೇಕೂ ಆ ಸಾಕ್ಷ್ಯದ ಒಂದು ಭಾಗ, ಅದನ್ನು ಮುಟ್ಟುವುದು ಇತಿಹಾಸಕ್ಕೆ ಮಾಡುವ ಅಪಚಾರ. ಪ್ರತಿದಿನ ಮಕ್ಕಳುಮರಿಗಳನ್ನು ಕೂರಿಸಿಕೊಂಡು ಹೆದ್ದಾರಿಗಿಳಿಯುವ ಕಾರಿನ ಮಾತು ಬೇರೆ. ಕಾನೂನನ್ನೂ ಮರೆಯತಕ್ಕದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ಐವತ್ತು ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ನಿಯಮಗಳು ಚಾಸಿಸ್, ಬಾಡಿ, ಎಂಜಿನ್ನುಗಳು ಮೂಲರೂಪದಲ್ಲಿರಬೇಕೆಂದು ಹೇಳುತ್ತವೆ. ಖಾಸಗಿ ಕಾರಿಗೆ ಹದಿನೈದು ವರ್ಷಗಳಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕಾಗಿರುವುದರಿಂದ, ಬ್ರೇಕು ಬದಲಾಯಿಸುವ ಮುನ್ನವೇ ಹುಣಸೂರಿನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಕೊಂಡ ಭಾಗಗಳ ರಸೀದಿಗಳನ್ನು ಇಟ್ಟುಕೊಳ್ಳುವುದು ವಿವೇಕ. ಬಿಚ್ಚಿದ ಹಳೆಯ ಡ್ರಮ್ಮು, ಶೂಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿಡಿ; ಮುಂದಿನ ಪೀಳಿಗೆಯವರು ಕಾರನ್ನು ಮೂಲರೂಪಕ್ಕೆ ತರಬಯಸಿದರೆ ಅವು ಬೇಕಾಗುತ್ತವೆ.

ಗ್ಯಾರೇಜಿನ ಹುಡುಗರ ಪರವಾಗಿ ಒಂದು ಮಾತು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮಿನೊಳಗಿನ ಆ ಕಪ್ಪು ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದಿ ತೆಗೆಯುವ ಅಭ್ಯಾಸದಿಂದ ಅದು ಶ್ವಾಸಕೋಶಕ್ಕೆ ಸೇರಿ, ಹಲವು ದಶಕಗಳ ತರುವಾಯ ಗುಣವಾಗದ ರೋಗವಾಗಿ ತಲೆದೋರಬಲ್ಲುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವಂತೆ ವಾಹನದ ಒಡೆಯರೇ ನಿಂತು ಹೇಳಬೇಕು.

ಕೊನೆಯದಾಗಿ, ಡಿಸ್ಕೋ ಡ್ರಮ್ಮೋ, ಎರಡಕ್ಕೂ ಪ್ರಾಣವಾದ ಬ್ರೇಕ್ ಆಯಿಲಿನ ವಿಚಾರ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲು ಕುದಿಯುವುದು 230 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ತೇವ ಹೀರಿದ ಹಳೆಯದು 155ರ ಆಸುಪಾಸಿನಲ್ಲಿಯೇ ಕುದಿದು ಆವಿಯಾಗಬಹುದು, ಆವಿಯಾದರೆ ಪೆಡಲು ಬರಿದೇ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿಯಾಗಿ ತೆಗೆದು ಹೊಸದು ತುಂಬಿಸಲು ತಗಲುವ ಖರ್ಚು ಅಲ್ಪ. ಈ ಸಲ ಸಂಸಾರವನ್ನು ಕೂರಿಸಿಕೊಂಡು ಮಡಿಕೇರಿಯಾಚೆಗೆ ಹೊರಡುವ ಹಳೆಯ ಕಾರಿನ ಯಜಮಾನರೆಲ್ಲರೂ, ಹೊರಡುವ ಹಿಂದಿನ ವಾರವೇ ತಮ್ಮ ಮೆಕ್ಯಾನಿಕ್ಕಿನ ಬಳಿ ಹೋಗಿ ಆಯಿಲು ಬದಲಾಯಿಸಿ ಎಷ್ಟು ಕಾಲವಾಯಿತೆಂದು ಕೇಳಬೇಕಾಗಿಯೂ, ಘಾಟಿಯ ತಲೆಯಲ್ಲಿಯೇ ಎರಡನೆಯ ಗೇರಿಗೆ ಇಳಿಸಬೇಕಾಗಿಯೂ ವಿನಂತಿಸುತ್ತೇನೆ.